ಒಂದು ಫ್ರೇಮ್ ಸಾಲದು, ಇಡೀ ರೋಲು ನೋಡಿ

ಈ ಅಂಕಣಕ್ಕೆ ಬರುವ ಪ್ರಶ್ನೆಗಳು ಹೆಚ್ಚಾಗಿ ಲೆನ್ಸಿಗೆ ಹಿಡಿದ ಬೂಷ್ಟು, ಮದುವೆ ಆಲ್ಬಮ್ಮಿನ ಮಾಸಿದ ಬಣ್ಣ, ಹಳೆಯ ನೆಗೆಟಿವ್‌ಗಳನ್ನು ಕಾಪಾಡುವ ಬಗೆ ಇಂಥವು. ಈ ಬಾರಿ ಓದುಗರು ಚಂದ್ರನ ಮೇಲೆ ಮನುಷ್ಯ ನಡೆದಾಡಿದ ಚಿತ್ರಗಳ ಬಗ್ಗೆಯೇ ಕೇಳಿದ್ದಾರೆ. ಅವೆಲ್ಲ ಅಮೆರಿಕದ ಯಾವುದೋ ಸ್ಟುಡಿಯೊದಲ್ಲಿ ತೆಗೆದವು ಎಂಬ ಮಾತು ಮತ್ತೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಹಾಸನದಲ್ಲಿ ಸ್ಟುಡಿಯೊ ನಡೆಸಿದವನು ನಾನು. ರೋಲು ತೊಳೆದು ಪ್ರಿಂಟ್ ಹಾಕಿ ಬದುಕಿದವನು. ಚಿತ್ರ ಸುಳ್ಳೆನ್ನುವವರು ಆಡುವ ಮಾತೆಲ್ಲ ಬೆಳಕು, ನೆರಳು, ಫಿಲ್ಮುಗಳದ್ದೇ. ಅದು ನನ್ನ ಕಸುಬಿನ ಮಾತು. ಹಾಗಾಗಿ ಈ ಪುಟಗಳನ್ನು ಪೂರ್ತಿ ಅದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಚಂದ್ರನಲ್ಲಿ ಗಾಳಿಯಿಲ್ಲ, ಆಕಾಶವೂ ಕಪ್ಪು. ಹಾಗಿದ್ದರೆ ನಕ್ಷತ್ರಗಳು ನಮ್ಮೂರಿಗಿಂತ ಚೆನ್ನಾಗಿ ಕಾಣಬೇಕಲ್ಲವೇ ಸರ್? ಒಂದು ಚಿತ್ರದಲ್ಲೂ ಒಂದು ಚುಕ್ಕೆಯೂ ಇಲ್ಲ.
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ತಿಪಟೂರು

ಉತ್ತರ: ಕಪ್ಪು ಆಕಾಶ ನೋಡಿ ಅದನ್ನು ರಾತ್ರಿ ಎಂದುಕೊಂಡೆಯಮ್ಮ. ಅದು ಹಗಲು. 1969ರ ಜುಲೈ 20ರಂದು ಅಪೊಲೊ 11 ಇಳಿದಾಗ ಆ ಜಾಗದಲ್ಲಿ ಬೆಳಗಾಗಿತ್ತು, ಸೂರ್ಯ ದಿಗಂತದಿಂದ ಸ್ವಲ್ಪವೇ ಮೇಲಿದ್ದ. ಬೆಳಕನ್ನು ಚೆದುರಿಸುವ ಗಾಳಿ ಇಲ್ಲದ್ದರಿಂದ ಆಕಾಶ ಕಪ್ಪಾಗಿಯೇ ಉಳಿಯುತ್ತದೆ. ಆದರೆ ನೆಲದ ಮೇಲೆ ಸುರಿಯುತ್ತಿರುವುದು ಪೂರ್ತಿ ಬಿಸಿಲು, ಅದರಲ್ಲಿ ನಿಂತವರು ತೊಟ್ಟಿರುವುದು ಬಿಳಿ ಉಡುಪು. ಅವರ ಫಿಲ್ಮ್ ಮ್ಯಾಗಜೀನಿನ (ಕ್ಯಾಮೆರಾಕ್ಕೆ ಸಿಕ್ಕಿಸುವ ಫಿಲ್ಮ್ ಡಬ್ಬಿಯ) ಮೇಲೆ ಎಕ್ಸ್‌ಪೋಷರಿನ, ಅಂದರೆ ಎಷ್ಟು ಬೆಳಕು ಒಳಬಿಡಬೇಕು ಎಂಬುದರ ಪುಟ್ಟ ಪಟ್ಟಿಯೊಂದನ್ನು ಅಂಟಿಸಲಾಗಿತ್ತು: ಶಟರ್ ತೆರೆದಿರುವುದು 1/250 ಸೆಕೆಂಡ್, ಅಪರ್ಚರ್ ಅಂದರೆ ಬೆಳಕು ಬರುವ ಕಿಂಡಿ ನೆರಳಿಗೆ ಎಫ್ 5.6, ಬಿಸಿಲಿಗೆ ಅದಕ್ಕಿಂತ ಚಿಕ್ಕದಾದ ಎಫ್ 11. ಆ ಲೆಕ್ಕದಲ್ಲಿ ನಕ್ಷತ್ರ ಫಿಲ್ಮಿನ ಮೇಲೆ ಬೀಳುವುದೇ ಇಲ್ಲ. ನಕ್ಷತ್ರ ಬೇಕೆಂದರೆ ಶಟರನ್ನು ಸೆಕೆಂಡುಗಟ್ಟಲೆ ತೆರೆದಿಡಬೇಕು. ಆಗ ಮನುಷ್ಯನೂ ನೆಲವೂ ಸುಟ್ಟು ಬೆಳ್ಳಗಾಗುತ್ತವೆ.

ಬರುವ ಹುಣ್ಣಿಮೆಗೆ ನೀನೇ ಪರೀಕ್ಷಿಸು. ಮೊಬೈಲ್ ಕ್ಯಾಮೆರಾದ ಪ್ರೊ ಮೋಡ್ ತೆರೆದು, ಚಂದ್ರನ ಮೇಲಿನ ಕಲೆ ಸ್ಪಷ್ಟವಾಗುವವರೆಗೆ ಎಕ್ಸ್‌ಪೋಷರ್ ಇಳಿಸು. ಸುತ್ತಲ ನಕ್ಷತ್ರಗಳು ಮಾಯವಾಗುತ್ತವೆ. ನಕ್ಷತ್ರ ಕಾಣುವಷ್ಟು ಏರಿಸು. ಚಂದ್ರ ಬಿಳಿ ಮುದ್ದೆಯಾಗುತ್ತಾನೆ. ಹುಣ್ಣಿಮೆ ಚಂದ್ರನಿಗೆ ಎಫ್ 11 ಇಡು ಎಂದು ಫಿಲ್ಮ್ ಕಾಲದ ಛಾಯಾಗ್ರಾಹಕರು ಹೇಳುತ್ತಿದ್ದರು. ಆ ಪಟ್ಟಿಯಲ್ಲಿದ್ದದ್ದೂ ಅದೇ ಎಫ್ 11. ತಿಪಟೂರಿನಿಂದ ನೀನು ತೆಗೆಯುವುದೂ ಬಿಸಿಲು ಬಿದ್ದ ಅದೇ ನೆಲದ ಚಿತ್ರವನ್ನು.

ನಕ್ಷತ್ರಗಳ ಚಿತ್ರ ಬೇಕೆಂದಾಗ ಅದಕ್ಕೆಂದೇ ಬೇರೆ ಯಂತ್ರ ಒಯ್ದರು. 1972ರಲ್ಲಿ ಅಪೊಲೊ 16ರವರು ಜಾರ್ಜ್ ಕ್ಯಾರುಥರ್ಸ್ ರೂಪಿಸಿದ ಅತಿನೇರಳೆ ಕ್ಯಾಮೆರಾವನ್ನು ನೌಕೆಯ ನೆರಳಿನಲ್ಲಿ ನಿಲ್ಲಿಸಿ ನಕ್ಷತ್ರಗಳನ್ನು ಸೆರೆಹಿಡಿದರು. ಇನ್ನು 2023ರ ಆಗಸ್ಟ್ 30ರಂದು ನಮ್ಮ ಚಂದ್ರಯಾನ–3ರ ಪ್ರಗ್ಯಾನ್ ರೋವರ್ ತೆಗೆದ ವಿಕ್ರಮ್ ಲ್ಯಾಂಡರಿನ ಚಿತ್ರವನ್ನು ಇನ್ನೊಮ್ಮೆ ನೋಡು. ಅದನ್ನು ತೆಗೆದ ನ್ಯಾವ್‌ಕ್ಯಾಮ್ ಎಂಬ ಕ್ಯಾಮೆರಾ ತಯಾರಾದದ್ದು ಬೆಂಗಳೂರಿನ ಇಸ್ರೊ ಪ್ರಯೋಗಾಲಯದಲ್ಲಿ. ಆ ಚಿತ್ರದ ಆಕಾಶದಲ್ಲೂ ನಕ್ಷತ್ರವಿಲ್ಲ.

ಪ್ರಶ್ನೆ: ಚಿತ್ರಗಳ ಮೇಲೆ ಕೂಡುವ ಚಿಹ್ನೆಯಂಥ ಕಪ್ಪು ಗುರುತುಗಳಿವೆ. ಕೆಲವು ಕಡೆ ಆ ಗುರುತು ವಸ್ತುವಿನ ಹಿಂದೆ ಹೋಗಿದೆ. ಕತ್ತರಿಸಿ ಅಂಟಿಸಿದ್ದಾರೆ ಎನ್ನಲು ಬೇರೆ ಸಾಕ್ಷಿ ಬೇಕೇ?
– ನಿವೃತ್ತ ಚಿತ್ರಕಲಾ ಶಿಕ್ಷಕ, ಗದಗ

ಉತ್ತರ: ಮೇಷ್ಟ್ರೇ, ಆ ಕ್ಯಾಮೆರಾ ಹ್ಯಾಸಲ್‌ಬ್ಲಾಡ್ ಕಂಪನಿಯದು, 70 ಮಿ.ಮೀ. ಫಿಲ್ಮಿನದು. ಫಿಲ್ಮಿನ ಮುಂದೆಯೇ ಒಂದು ಗಾಜಿನ ಫಲಕವಿತ್ತು. ಅದರ ಮೇಲೆ ಸಾಲಿಗೆ ಐದರಂತೆ 25 ಗುರುತುಗಳನ್ನು 10 ಮಿ.ಮೀ. ಅಂತರದಲ್ಲಿ ಕೆತ್ತಿದ್ದರು. ತೊಳೆಯುವಾಗ ಫಿಲ್ಮ್ ಎಳೆದುಕೊಂಡರೆ ಅಥವಾ ಕುಗ್ಗಿದರೆ ಗೊತ್ತಾಗಲಿ, ಚಿತ್ರದಿಂದ ಅಳತೆ ತೆಗೆಯುವಂತಿರಲಿ ಎಂಬುದು ಉದ್ದೇಶ. ಗೆರೆಗಳು ತೀರಾ ತೆಳು. ಅತಿಯಾದ ಬೆಳಕು ಬಿದ್ದ ಬಿಳಿ ಭಾಗ ಫಿಲ್ಮಿನ ಪದರದಲ್ಲಿ ಪಕ್ಕಕ್ಕೆ ಹರಡಿ ಅಂಥ ಗೆರೆಯನ್ನು ನುಂಗಿಬಿಡುತ್ತದೆ. ಬಿಳಿ ಅಂಗಿಯ ಮೇಲಿನ ಸಣ್ಣ ಕಪ್ಪು ಗೆರೆಗಳು ಬಿಸಿಲಿನ ಚಿತ್ರದಲ್ಲಿ ಅಳಿಸಿಹೋದದ್ದನ್ನು ಡಾರ್ಕ್‌ರೂಮಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಆ ಗುರುತುಗಳು ಎಲ್ಲಿ ಮಾಯವಾಗಿವೆ ಎಂಬುದನ್ನು ಗಮನಿಸಿ. ಅಮೆರಿಕದ ಬಾವುಟದ ಮೇಲೆ ಬಿದ್ದ ಗುರುತು ಕೆಂಪು ಪಟ್ಟಿಯಲ್ಲಿ ಉಳಿದಿದೆ, ಪಕ್ಕದ ಬಿಳಿ ಪಟ್ಟಿಯಲ್ಲಿ ಕರಗಿದೆ. ಅಂಟಿಸಿದ್ದಾಗಿದ್ದರೆ ಬಣ್ಣ ನೋಡಿಕೊಂಡು ಹಿಂದೆ ಹೋಗುತ್ತಿತ್ತೇ? ಕಳ್ಳಚಿತ್ರ ಮಾಡುವವನು ಎಲ್ಲವನ್ನೂ ಜೋಡಿಸಿದ ಮೇಲೆ ಕೊನೆಗೆ ಗುರುತು ಹಾಕುತ್ತಾನೆ. ಅವನ ಚಿತ್ರದಲ್ಲಿ ಗುರುತು ಯಾವಾಗಲೂ ಎಲ್ಲಕ್ಕಿಂತ ಮೇಲೆಯೇ ಇರುತ್ತದೆ.

ಆದರೆ ಒಂದು ತಿದ್ದುಪಡಿ ನಿಜವಾಗಿ ನಡೆದಿದೆ. ಶಾಲೆಯ ಗೋಡೆಗಳ ಮೇಲೆಲ್ಲ ಇರುವ ಚಿತ್ರ ನಿಮಗೆ ಗೊತ್ತು: ಅಪೊಲೊ 11ರ ಗಗನಯಾತ್ರಿ ಬಝ್ ಆಲ್ಡ್ರಿನ್ ನೇರ ನಿಂತಿದ್ದಾರೆ, ಅವರ ಮುಖಗವಸಿನ ಗಾಜಿನಲ್ಲಿ ನೌಕೆಯೂ ಚಿತ್ರ ತೆಗೆಯುತ್ತಿರುವ ಜೊತೆಗಾರ ಆರ್ಮ್‌ಸ್ಟ್ರಾಂಗ್ ಅವರೂ ಕಾಣುತ್ತಾರೆ. ಅದರ ಸಂಖ್ಯೆ ಎಎಸ್11-40-5903. ಅಂದರೆ ಅಪೊಲೊ 11, ಮ್ಯಾಗಜೀನ್ 40, ಫ್ರೇಮ್ 5903. ಮೂಲ ಫ್ರೇಮಿನಲ್ಲಿ ಆಲ್ಡ್ರಿನ್ ತಲೆಯ ಮೇಲೆ ಜಾಗವೇ ಇಲ್ಲ. ಬೆನ್ನಿನ ಚೀಲದ ಆಂಟೆನಾದ ತುದಿ ಕತ್ತರಿಸಿಹೋಗಿದೆ. ದಿಗಂತವೂ ಓರೆ. ಪತ್ರಿಕೆಗಳಿಗೆ ಕೊಡುವಾಗ ಚಿತ್ರವನ್ನು ತಿರುಗಿಸಿ ನೇರ ಮಾಡಿ, ತಲೆಯ ಮೇಲೆ ಕಪ್ಪು ಆಕಾಶ ಸೇರಿಸಿದರು. ಆ ಆವೃತ್ತಿಯೇ ಜಗತ್ತೆಲ್ಲ ಓಡಾಡಿತು. ಸಂದೇಹಿಗಳು ಹಿಡಿದು ತೋರಿಸುವುದೂ ಅನೇಕ ಸಲ ಇದನ್ನೇ. ಪ್ರಿಂಟಿನ ಮೇಲೆ ಕೈ ಆಡಿಸುವುದು ನಮ್ಮ ಕಸುಬಿನಲ್ಲಿ ನಿತ್ಯದ ಕೆಲಸ. ಆದರೂ ಈ ಪ್ರಿಂಟಿನ ಕೆಳಗೆ ‘ಆಕಾಶವನ್ನು ವಿಸ್ತರಿಸಲಾಗಿದೆ’ ಎಂದು ಒಂದು ಸಾಲು ಬರೆಯಬೇಕಿತ್ತು ಎಂದೇ ನಾನು ಹೇಳುತ್ತೇನೆ. ಮೂಲ ಮಾತ್ರ ಹಾಗೆಯೇ ಉಳಿದಿದೆ. ಅದು ಸ್ಲೈಡ್ ಫಿಲ್ಮ್. ಕ್ಯಾಮೆರಾದೊಳಗಿದ್ದ ಹಾಳೆಯೇ ಅಂತಿಮ ಚಿತ್ರ, ನಡುವೆ ನೆಗೆಟಿವ್ ಇಲ್ಲ. ಎಕ್ಸ್‌ಪೋಷರ್ ತುಸು ತಪ್ಪಿದರೂ ಕ್ಷಮಿಸದ ಫಿಲ್ಮ್ ಅದು. ಆ ರೋಲುಗಳನ್ನು ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ಶೀತಲ ಕೊಠಡಿಯಲ್ಲಿ ಕಾಪಾಡಿದ್ದಾರೆ. ಅವುಗಳ ಸ್ಕ್ಯಾನ್ ಪ್ರತಿಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು.

ಪ್ರಶ್ನೆ: ನನ್ನದೂ ಸ್ಟುಡಿಯೊ. ಒಂದೇ ಸೂರ್ಯನಿದ್ದರೆ ನೆರಳುಗಳು ಸಮಾಂತರವಾಗಿರಬೇಕು. ಚಂದ್ರನ ಚಿತ್ರಗಳಲ್ಲಿ ಹಾಗಿಲ್ಲ. ಮೇಲಾಗಿ ಛಾವಣಿಯ ದೀಪಗಳ ಕೆಳಗೆ ಮರಳಿನ ಮೇಲೆ ಇಬ್ಬರು ಗಗನಯಾತ್ರಿಗಳು ನಿಂತಿರುವ ಫೋಟೊವೇ ಸಿಕ್ಕಿದೆಯಲ್ಲ?
– ಛಾಯಾಗ್ರಾಹಕ, ಶಿರಸಿ

ಉತ್ತರ: ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಆ ಫೋಟೊ ನಿಜ. 1969ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್ನಿನ ಒಳಾಂಗಣದಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ನಡೆಸಿದ ತಾಲೀಮಿನದು. ಅದನ್ನು ಕೊಟ್ಟದ್ದು ನಾಸಾ ಸಂಸ್ಥೆಯೇ. ಯಾರೂ ಕದ್ದು ತಂದದ್ದಲ್ಲ.

ನೆರಳಿನ ಮಾತು ನಮ್ಮಿಬ್ಬರದು. ಬೆಳಿಗ್ಗೆ ಏಳರ ಹೊತ್ತಿಗೆ ಉಬ್ಬುತಗ್ಗಿನ ಗದ್ದೆಯಲ್ಲಿ ಎರಡು ಗೂಟ ನೆಟ್ಟು, ಅಗಲ ಕೋನದ ಲೆನ್ಸಿನಲ್ಲಿ ತೆಗೆದು ನೋಡಿ. ಒಂದರ ನೆರಳು ಇಳಿಜಾರಿನಲ್ಲಿ ಉದ್ದವಾಗುತ್ತದೆ, ಇನ್ನೊಂದರದು ದಿಬ್ಬಕ್ಕೆ ಹತ್ತಿ ಮೊಟಕಾಗುತ್ತದೆ. ದಿಕ್ಕೂ ಬೇರೆಯಾದಂತೆ ಕಾಣುತ್ತದೆ. ಚಂದ್ರನಲ್ಲಿ ಅವರು ಬಳಸಿದ ಬಯೋಗಾನ್ 60 ಮಿ.ಮೀ. ಲೆನ್ಸ್ ಆ ದೊಡ್ಡ ಫಿಲ್ಮಿಗೆ ಅಗಲ ಕೋನದ್ದೇ. ಈಗ ನಿಮ್ಮ ಸ್ಟುಡಿಯೊದಲ್ಲಿ ಎರಡು ಲೈಟು ಹಾಕಿ. ಪ್ರತಿ ವಸ್ತುವಿಗೂ ಎರಡೆರಡು ನೆರಳು ಬರುತ್ತದೆ. ಅಪೊಲೊ ಚಿತ್ರಗಳಲ್ಲಿ ಪ್ರತಿಯೊಬ್ಬನಿಗೂ ಒಂದೇ ನೆರಳು. ಒಂದೇ ದೊಡ್ಡ ದೀಪ ಇಟ್ಟಿದ್ದರೆ? ಹತ್ತಿರದ್ದು ಬೆಳಗಿ ದೂರದ್ದು ಮಂಕಾಗಬೇಕಿತ್ತು. 1971ರ ಅಪೊಲೊ 15ರ ಚಿತ್ರಗಳಲ್ಲಿ ಹಿಂದೆ ನಿಂತಿರುವ ಹ್ಯಾಡ್ಲಿ ಡೆಲ್ಟಾ ಪರ್ವತ ಮೂರು ಕಿ.ಮೀ.ಗೂ ಹೆಚ್ಚು ಎತ್ತರದ್ದು. ಕಾಲಬುಡದ ಕಲ್ಲಿನ ಮೇಲಿರುವ ಬಿಸಿಲೇ ಅದರ ಮೈಮೇಲೂ ಇದೆ.

ನೆರಳಿನಲ್ಲಿ ಏಣಿ ಇಳಿಯುತ್ತಿರುವ ಆಲ್ಡ್ರಿನ್ ಅಷ್ಟು ಚೆನ್ನಾಗಿ ಕಾಣುವುದೇಕೆ ಎಂದೂ ನಿಮ್ಮ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಹೊರಾಂಗಣದಲ್ಲಿ ಮದುಮಗಳ ಮುಖಕ್ಕೆ ಬಿಳಿ ಥರ್ಮೋಕೋಲ್ ಹಾಳೆ ಹಿಡಿಯುತ್ತೇವಲ್ಲ, ಅಲ್ಲಿ ಬಿಸಿಲು ಬಿದ್ದ ನೆಲವೇ ಆ ಹಾಳೆ. 2014ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಚಿಪ್ ಮಾಡುವ ಎನ್‌ವಿಡಿಯಾ ಕಂಪನಿಯವರು ಆ ದೃಶ್ಯವನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ ಲೆಕ್ಕ ಹಾಕಿದಾಗ, ನೆಲದ ಜೊತೆಗೆ ಆರ್ಮ್‌ಸ್ಟ್ರಾಂಗ್ ಉಡುಪಿನಿಂದ ಪುಟಿದ ಬೆಳಕೂ ಸೇರಿತ್ತು ಎಂದು ಕಂಡಿತು.

ಪ್ರಶ್ನೆ: ಆರ್ಮ್‌ಸ್ಟ್ರಾಂಗ್ ಮೊದಲು ಇಳಿದಿದ್ದರೆ, ಇಳಿಯುವಾಗ ಅವರ ಚಿತ್ರ ತೆಗೆದವರು ಯಾರು?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ನೌಕೆಯ ಹೊರಮೈಗೆ ಮಡಚಿಟ್ಟಿದ್ದ ಹಲಗೆಯೊಂದರಲ್ಲಿ ಟಿವಿ ಕ್ಯಾಮೆರಾ ಇತ್ತು, ಏಣಿಯ ಬಳಿ ಆರ್ಮ್‌ಸ್ಟ್ರಾಂಗ್ ಅದರ ಹಗ್ಗ ಎಳೆದಾಗ ಹಲಗೆ ತೆರೆದುಕೊಂಡಿತು.

ಆದರೆ ನಿಮ್ಮ ಪ್ರಶ್ನೆಯೊಳಗೆ ಇನ್ನೂ ದೊಡ್ಡ ವಿಷಯ ಇದೆ. ಸ್ಥಿರಚಿತ್ರದ ಕ್ಯಾಮೆರಾ ಬಹುಪಾಲು ಹೊತ್ತು ಆರ್ಮ್‌ಸ್ಟ್ರಾಂಗ್ ಕೈಯಲ್ಲೇ ಇದ್ದುದರಿಂದ, ಚಂದ್ರನ ಮೇಲೆ ಮೊದಲು ಕಾಲಿಟ್ಟ ಮನುಷ್ಯನ ಒಂದು ಒಳ್ಳೆಯ ಸ್ಥಿರಚಿತ್ರ ನಮಗೆ ಸಿಕ್ಕಿಲ್ಲ. ಬೆನ್ನು ತಿರುಗಿಸಿ ನೌಕೆಯ ನೆರಳಿನಲ್ಲಿ ಕೆಲಸ ಮಾಡುತ್ತಿರುವ ಒಂದು ಫ್ರೇಮಿದೆ, ಅಷ್ಟೆ. ಪ್ರಸಿದ್ಧವಾದ ಆ ಹೆಜ್ಜೆ ಗುರುತು ಕೂಡ ಆಲ್ಡ್ರಿನ್ ಅವರದು. ಸ್ಟುಡಿಯೊದಲ್ಲಿ ಜಗತ್ತಿಗೆ ತೋರಿಸಲೆಂದೇ ಚಿತ್ರ ತೆಗೆಯುವ ಯಾವ ಛಾಯಾಗ್ರಾಹಕನಾದರೂ ಮುಖ್ಯ ಮನುಷ್ಯನನ್ನೇ ಬಿಡುತ್ತಾನೆಯೇ? ಮದುವೆ ಮನೆಯಲ್ಲಿ ವರನ ಚಿತ್ರ ತಪ್ಪಿದ್ದರೆ ನನಗೆ ಹಣವೇ ಸಿಗುತ್ತಿರಲಿಲ್ಲ.

ಅದೇ 40ನೇ ಮ್ಯಾಗಜೀನನ್ನು ಫ್ರೇಮ್ 5850ರಿಂದ ಒಂದೊಂದಾಗಿ ನೋಡುತ್ತ ಹೋಗಿ. ನೆಲಕ್ಕೆ ಇಳಿದ ಮೇಲೆ ತೆಗೆದ ಮೊದಲ ಚಿತ್ರಗಳಲ್ಲೇ ನೌಕೆಯ ಕೆಳಗೆ ಅವರು ಎಸೆದ ಕಸದ ಚೀಲ ಬಿದ್ದಿದೆ. ಕ್ಯಾಮೆರಾ ಎದೆಯ ಮೇಲಿನ ಕೊಂಡಿಗೆ ಸಿಕ್ಕಿಸಿದ್ದು. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇರಲಿಲ್ಲ, ಮೈಯನ್ನೇ ತಿರುಗಿಸಿ ಗುರಿ ಹಿಡಿಯಬೇಕಿತ್ತು. ಹಾಗಾಗಿ ಓರೆಯಾದವು, ಬಿಸಿಲು ಲೆನ್ಸಿಗೆ ಹೊಡೆದವು, ಬೇಕಾದದ್ದು ಅರ್ಧ ತುಂಡಾದವು ಸಾಲಾಗಿ ಬರುತ್ತವೆ. ಕೆಲಸ ಮಾಡಿದ ರೋಲು ಹಾಗೆಯೇ ಇರುತ್ತದೆ. ಫಾರ್ವರ್ಡ್ ಮಾಡುವವರು ಅದರಿಂದ ಒಂದು ಚೆಂದದ ಫ್ರೇಮ್ ಕಿತ್ತು ತಂದು ‘ಇಷ್ಟು ಚೆಂದ ಹೇಗೆ ಬಂತು’ ಎಂದು ಕೇಳುತ್ತಾರೆ. ಇದು ನನಗೆ ಸಿಟ್ಟು ಬರಿಸುತ್ತದೆ, ಯಾಕೆಂದರೆ ಉಳಿದ ಫ್ರೇಮುಗಳನ್ನು ಯಾರೂ ಮುಚ್ಚಿಟ್ಟಿಲ್ಲ.

ಪ್ರಶ್ನೆ: ಗಾಳಿಯಿಲ್ಲದೆ ಬಾವುಟ ಹಾರುವುದೇ?
– ಕೃಷಿಕ, ಮದ್ದೂರು

ಉತ್ತರ: ಹಾರಿಲ್ಲ. ಬಟ್ಟೆಯ ಮೇಲಂಚಿನಲ್ಲಿ ಅಡ್ಡಸರಳು ಇದೆ. ಅಪೊಲೊ 11ರಲ್ಲಿ ಆ ಸರಳು ಪೂರ್ತಿ ಚಾಚಿಕೊಳ್ಳಲಿಲ್ಲ, ಬಟ್ಟೆ ನೆರಿಗೆಯಾಗಿ ನಿಂತಿತು. ಒಂದರ ನಂತರ ಒಂದಾಗಿ ತೆಗೆದ ಎರಡು ಫ್ರೇಮ್‌ಗಳನ್ನು ಪಕ್ಕಪಕ್ಕ ಇಟ್ಟರೆ ಅದೇ ನೆರಿಗೆ, ಅದೇ ಜಾಗದಲ್ಲಿ.

ಪ್ರಶ್ನೆ: ನಾಸಾ ಹೇಳಿದ್ದನ್ನು ನಾಸಾ ಚಿತ್ರದಿಂದಲೇ ಸಾಬೀತು ಮಾಡುವುದು ಯಾವ ನ್ಯಾಯ? ಚಂದ್ರನ ನಡಿಗೆಯ ಮೂಲ ಟೇಪ್‌ಗಳನ್ನು ಅವರೇ ಅಳಿಸಿದ್ದಾರಲ್ಲ?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಅಳಿಸಿದ್ದು ನಿಜ. ಅಪೊಲೊ 11ರ ಟಿವಿ ಪ್ರಸಾರದ ಮೂಲ ದತ್ತಾಂಶವಿದ್ದ ಟೇಪ್‌ಗಳನ್ನು ಬೇರೆ ಕೆಲಸಕ್ಕೆ ಮರುಬಳಕೆ ಮಾಡಿದರು. 2009ರಲ್ಲಿ ನಾಸಾ ಅದನ್ನು ಹೇಳಿತು. ಅಕ್ಷಮ್ಯ ಅಸಡ್ಡೆ ಎಂದು ನಾನು ತಿಳಿಯುತ್ತೇನೆ. ಪ್ರಸಾರವಾದ ದೃಶ್ಯಗಳ ಬೇರೆ ವಿಡಿಯೊ ಪ್ರತಿಗಳು ಉಳಿದಿವೆ. ಫಿಲ್ಮ್ ರೋಲುಗಳಿಗಂತೂ ಏನೂ ಆಗಿಲ್ಲ.

ನಾಸಾ ಬಿಟ್ಟು ಬೇರೆಯವರ ಸಾಕ್ಷಿ ಕೇಳಿದಿರಿ. ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಂಡದ್ದು ಜಪಾನಿನದು. ಅವರ ಕಗುಯಾ ನೌಕೆ ಚಂದ್ರನ ಸುತ್ತ ತಿರುಗುತ್ತ ನೆಲದ ಎತ್ತರ ತಗ್ಗುಗಳನ್ನು ಅಳೆಯಿತು. 2008ರಲ್ಲಿ ಆ ಅಳತೆಗಳಿಂದ, ಅಪೊಲೊ 15ರವರು ನಿಂತ ಜಾಗದಿಂದ ನೋಡಿದರೆ ಬೆಟ್ಟಗಳು ಹೇಗೆ ಕಾಣಬೇಕು ಎಂದು ಕಂಪ್ಯೂಟರಿನಲ್ಲಿ ರಚಿಸಿದರು. 1971ರ ಛಾಯಾಚಿತ್ರದ ಬೆಟ್ಟಗಳ ಏರಿಳಿತಕ್ಕೆ ಅದು ಹೊಂದಿತು. ಪರದೆಯ ಮೇಲೆ ಬೆಟ್ಟ ಬರೆಯುವ ಚಿತ್ರಕಾರನಿಗೆ, ಮೂವತ್ತೇಳು ವರ್ಷಗಳ ನಂತರ ಇನ್ನೊಂದು ದೇಶ ಅಳೆಯಲಿರುವ ಬೆಟ್ಟದ ಆಕಾರ ಮೊದಲೇ ಗೊತ್ತಿರಲು ಸಾಧ್ಯವೇ?

ನಮ್ಮದೂ ಇದೆ. ಚಂದ್ರಯಾನ–2ರ ಆರ್ಬಿಟರಿನಲ್ಲಿರುವ ಒಎಚ್‌ಆರ್‌ಸಿ ಕ್ಯಾಮೆರಾ 100 ಕಿ.ಮೀ. ಎತ್ತರದಿಂದ ಸುಮಾರು ಕಾಲು ಮೀಟರ್ ಗಾತ್ರದ್ದನ್ನೂ ಗುರುತಿಸಬಲ್ಲದು. ಅದು ತೆಗೆದ ಚಿತ್ರಗಳಲ್ಲಿ ಅಪೊಲೊ 11 ಮತ್ತು 12ರ ನೌಕೆಗಳ ಕೆಳಭಾಗ ಇಳಿದಲ್ಲೇ ನಿಂತಿವೆ. ಭೂಮಿಯ ದೂರದರ್ಶಕದಿಂದ ಯಾಕೆ ಕಾಣುವುದಿಲ್ಲ ಎಂದು ಮುಂದಿನ ಪತ್ರದಲ್ಲಿ ಕೇಳಬಹುದು: ನೌಕೆಯ ಕಾಲುಗಳ ಹರವು ಸುಮಾರು 9 ಮೀಟರ್, ದೂರ 3,84,000 ಕಿ.ಮೀ. ಹಬಲ್ ಬಾಹ್ಯಾಕಾಶ ದೂರದರ್ಶಕಕ್ಕೂ ಅಷ್ಟು ಚಿಕ್ಕದು ಬಿಡಿಯಾಗಿ ಕಾಣದು.

ಪ್ರಶ್ನೆ: ನಮ್ಮ ಮಾವನವರು ಓದಿದವರು. ಆದರೂ ಊಟಕ್ಕೆ ಕುಳಿತಾಗಲೆಲ್ಲ ಇದೇ ವಾದ. ಮಗಳ ಎದುರು ಹೀಗೆ ಹೇಳಬೇಡಿ ಎಂದರೆ ಬೇಸರ ಮಾಡಿಕೊಳ್ಳುತ್ತಾರೆ. ಏನು ಮಾಡಲಿ?
– ಗೃಹಿಣಿ, ಚಿಕ್ಕಮಗಳೂರು

ಉತ್ತರ: ಬಾಯಿ ಮುಚ್ಚಿಸಬೇಡಿ ತಾಯಿ. ಹಿರಿಯರು ಅನುಮಾನ ಪಡುವುದನ್ನು ಮಗು ನೋಡಿದರೆ ನಷ್ಟವಿಲ್ಲ. ಅನುಮಾನ ಬಂದ ಮೇಲೆ ಎದ್ದು ಹೋಗಿ ಹುಡುಕುವುದನ್ನೂ ನೋಡಬೇಕು. ಒಂದು ಭಾನುವಾರ ಮೂವರೂ ಕೂತು 40ನೇ ಮ್ಯಾಗಜೀನ್ ತೆರೆಯಿರಿ. ಮೊಬೈಲ್ ಬೇಡ, ದೊಡ್ಡ ಪರದೆ ಇರಲಿ. ಮೊದಲಿನಿಂದ ಕೊನೆಯವರೆಗೆ, ಕೆಟ್ಟ ಫ್ರೇಮುಗಳನ್ನೂ ಬಿಡದೆ ನೋಡಿ. ಪ್ರತಿ ಫ್ರೇಮಿನಲ್ಲಿ ಸೂರ್ಯ ಯಾವ ಕಡೆ ಇದ್ದಾನೆ ಎಂದು ಮಗಳು ಹೇಳಲಿ, ತಪ್ಪಿದ್ದರೆ ತಾತ ತಿದ್ದಲಿ. ಅಷ್ಟಾದ ಮೇಲೂ ಯಾವುದಾದರೂ ಚಿತ್ರ ಅವರಿಗೆ ಸುಳ್ಳೆನಿಸಿದರೆ, ಅದರ ಸಂಖ್ಯೆಯನ್ನೂ ಅನುಮಾನದ ಕಾರಣವನ್ನೂ ಬರೆದು ನನಗೆ ಕಳುಹಿಸಲು ಹೇಳಿ. ಆ ಫ್ರೇಮನ್ನು ಇದೇ ಪುಟದಲ್ಲಿ ಅಚ್ಚು ಹಾಕಿಸಿ ಉತ್ತರಿಸುತ್ತೇನೆ. ಸಂಖ್ಯೆಯಿಲ್ಲದ ಫಾರ್ವರ್ಡ್ ಮಾತ್ರ ಬೇಡ.