ಓದುಗರ ಪ್ರಶ್ನೆ: ದಂಡನಾಯಕರು ರಾಯಭಾರಿಗಳಾದಾಗ

ಪ್ರಶ್ನೆ: ಜನರಲ್ ಕೆ. ಎಂ. ಕಾರ್ಯಪ್ಪನವರು ನಿವೃತ್ತರಾದ ಮೇಲೆ ಆಸ್ಟ್ರೇಲಿಯಾದಲ್ಲಿ ಭಾರತದ ರಾಯಭಾರಿಯಾಗಿದ್ದರೆಂದು ಓದಿದ್ದೇನೆ. ಜೀವನವಿಡೀ ಸೈನ್ಯದಲ್ಲಿದ್ದವರಿಗೆ ಈ ಹುದ್ದೆ ಏಕೆ ದೊರೆಯಿತು? ಅವರ ಜನಪ್ರಿಯತೆಗೆ ಅಂಜಿ ದೂರ ಕಳಿಸಿದರೆಂಬ ಮಾತು ನಿಜವೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1949ರ ಜನವರಿ 15ರಂದು ಬ್ರಿಟಿಷ್ ಅಧಿಕಾರಿ ಜನರಲ್ ಬುಚರ್ ಅವರಿಂದ ಸೇನೆಯ ಮಹಾದಂಡನಾಯಕನ ಹುದ್ದೆಯನ್ನು ವಹಿಸಿಕೊಂಡರು, ನಾವು ಸೇನಾ ದಿನವನ್ನು ಆಚರಿಸುವುದು ಆ ದಿನದ ನೆನಪಿಗೇ. ನಾಲ್ಕು ವರ್ಷಗಳ ಅವಧಿ ಮುಗಿಸಿ 1953ರ ಜನವರಿಯಲ್ಲಿ ನಿವೃತ್ತರಾದ ಅವರನ್ನು ಅದೇ ವರ್ಷ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಿಗೆ ಭಾರತದ ಹೈಕಮಿಷನರ್ ಆಗಿ ನೇಮಿಸಲಾಯಿತು. 1956ರವರೆಗೆ ಅವರು ಆ ಹುದ್ದೆಯಲ್ಲಿದ್ದರು.

ಆ ಕಾಲದಲ್ಲಿ ಇದು ವಿಚಿತ್ರವೆನಿಸುವ ನೇಮಕವಾಗಿರಲಿಲ್ಲ. ವಿದೇಶಾಂಗ ಸೇವೆಯು ಇನ್ನೂ ಎಳೆಯದಾಗಿತ್ತು; ದೊಡ್ಡ ರಾಜಧಾನಿಗಳಿಗೆ ಕಳಿಸುವಷ್ಟು ಹಿರಿಯರು ಅದರಲ್ಲಿ ಸಾಕಷ್ಟು ಮಂದಿ ಇರಲಿಲ್ಲವಾದ್ದರಿಂದ ಪ್ರಧಾನಿ ನೆಹರೂ ಅವರು ಹೊರಗಿನವರನ್ನು ಧಾರಾಳವಾಗಿ ಆರಿಸುತ್ತಿದ್ದರು. ಮಾಸ್ಕೋಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ರಾಧಾಕೃಷ್ಣನ್ ಹೋಗಿದ್ದರು, ಪೀಕಿಂಗಿಗೆ ಇತಿಹಾಸಕಾರ ಪಣಿಕ್ಕರ್ ಹೋಗಿದ್ದರು. ಹೀಗಿರುವಾಗ ಕ್ಯಾನ್‌ಬೆರಾಗೆ ಒಬ್ಬ ಜನರಲ್ ಹೋದದ್ದರಲ್ಲಿ ಅಚ್ಚರಿಯಿಲ್ಲ. ಆಸ್ಟ್ರೇಲಿಯಾ ಕೂಡ 1944ರಲ್ಲಿ ದೆಹಲಿಗೆ ಕಳಿಸಿದ ತನ್ನ ಮೊದಲ ಹೈಕಮಿಷನರ್ ಆಗಿ ಆರಿಸಿದ್ದು ಲೆಫ್ಟಿನೆಂಟ್ ಜನರಲ್ ಸರ್ ಐವೆನ್ ಮೆಕೇ ಎಂಬ ಸೈನಿಕನನ್ನೇ.

ಇನ್ನು ‘ದೂರ ಕಳಿಸಿದರು’ ಎಂಬ ಮಾತು. 1951ರಲ್ಲಿ ಪಾಕಿಸ್ತಾನದಲ್ಲಿ ಮೇಜರ್ ಜನರಲ್ ಅಕ್ಬರ್ ಖಾನ್ ಮತ್ತಿತರರು ರಾವಲ್ಪಿಂಡಿ ಒಳಸಂಚಿನ ಆರೋಪದ ಮೇಲೆ ಬಂಧಿತರಾಗಿದ್ದರು. 1952ರಲ್ಲಿ ಈಜಿಪ್ಟಿನ ದೊರೆಯನ್ನು ಸೇನಾಧಿಕಾರಿಗಳು ಪದಚ್ಯುತಗೊಳಿಸಿದ್ದರು. ಹೊಸ ಗಣರಾಜ್ಯದ ಪ್ರಧಾನಿಯೊಬ್ಬರು ಇವನ್ನೆಲ್ಲ ಗಮನಿಸದೆ ಇರಲು ಸಾಧ್ಯವಿರಲಿಲ್ಲ. ಅಲ್ಲದೆ, ಕಾರ್ಯಪ್ಪನವರಿಗೆ ಸೇನೆಯ ಹೊರಗಿನ ವಿಷಯಗಳ ಬಗ್ಗೆಯೂ ನೇರವಾಗಿ ಮಾತಾಡುವ ಅಭ್ಯಾಸವಿತ್ತು. ಪತ್ರಿಕಾಗೋಷ್ಠಿಗಳನ್ನು ಕಡಿಮೆ ಮಾಡುವಂತೆ ನೆಹರೂ ಅವರೇ 1952ರಲ್ಲಿ ಅವರಿಗೆ ಬರೆದಿದ್ದರು. ಆದರೆ ಕಾರ್ಯಪ್ಪನವರು ಚುನಾಯಿತ ಸರ್ಕಾರಕ್ಕೆ ಎದುರು ನಿಲ್ಲುವವರೆಂದು ಭಾವಿಸಲು ಅವರ ನಡತೆಯಲ್ಲಿ ಯಾವ ಆಧಾರವೂ ಸಿಗುವುದಿಲ್ಲ. ಸೈನಿಕರು ರಾಜಕೀಯದಿಂದ ದೂರವಿರಬೇಕೆಂದು ಪಾಠ ಹೇಳಿದವರೇ ಅವರು. ನನ್ನ ಅಭಿಪ್ರಾಯದಲ್ಲಿ ಈ ನೇಮಕ ಗೌರವವೂ ಹೌದು, ಸರ್ಕಾರಕ್ಕೆ ಅನುಕೂಲವೂ ಹೌದು. ಎರಡನ್ನೂ ಬೇರ್ಪಡಿಸಿ ಒಂದನ್ನೇ ಸತ್ಯವೆನ್ನುವವರ ವಾದ ನನಗೆ ಒಪ್ಪಿಗೆಯಾಗಿಲ್ಲ.

ಪ್ರಶ್ನೆ: ಹೈಕಮಿಷನರ್ ಆಗಿ ಕಾರ್ಯಪ್ಪನವರ ಕೆಲಸ ಹೇಗಿತ್ತು? ಸೈನಿಕನ ಗುಣ ಅಲ್ಲಿ ನೆರವಾಯಿತೋ, ತೊಡಕಾಯಿತೋ?
— ಓದುಗರೊಬ್ಬರು, ಮೈಸೂರು

ಉತ್ತರ: ಎರಡೂ ಆಯಿತು. ಅವರಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಗವರ್ನರ್ ಜನರಲ್ ಆಗಿದ್ದವರು ಫೀಲ್ಡ್ ಮಾರ್ಷಲ್ ವಿಲಿಯಂ ಸ್ಲಿಮ್. ಗೂರ್ಖಾ ರೆಜಿಮೆಂಟಿನಲ್ಲಿ ಬೆಳೆದು, ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಹದಿನಾಲ್ಕನೆಯ ಸೇನೆಯನ್ನು ನಡೆಸಿದ ಸ್ಲಿಮ್ ಮತ್ತು ಅದೇ ಬರ್ಮಾ ರಣರಂಗವನ್ನು ಕಂಡಿದ್ದ ಕಾರ್ಯಪ್ಪ, ಇಬ್ಬರೂ ಹಳೆಯ ಭಾರತೀಯ ಸೇನೆಯ ಮಕ್ಕಳೇ. ಯುದ್ಧದ ನೆನಪು ಹಸಿಯಾಗಿದ್ದ ದೇಶದಲ್ಲಿ ಇಂಥ ಹಿನ್ನೆಲೆಯ ಪ್ರತಿನಿಧಿಗೆ ಮರ್ಯಾದೆ ಸಹಜವಾಗಿಯೇ ಸಿಗುವಂಥದು.

ರಾಜಕೀಯ ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಆಸ್ಟ್ರೇಲಿಯಾದ ಪ್ರಧಾನಿ ಮೆನ್ಜೀಸ್ ಮತ್ತು ನೆಹರೂ ಅವರ ನಡುವೆ ಆತ್ಮೀಯತೆ ಇರಲಿಲ್ಲ. 1954ರಲ್ಲಿ ಆಸ್ಟ್ರೇಲಿಯಾ ಅಮೆರಿಕದ ಜೊತೆಗೂಡಿ ಆಗ್ನೇಯ ಏಷ್ಯಾದ ಸೈನಿಕ ಒಕ್ಕೂಟವಾದ ಸಿಯಾಟೊವನ್ನು ಸೇರಿತು. ಭಾರತವು ಅದನ್ನು ವಿರೋಧಿಸಿ ಮರುವರ್ಷ ಏಷ್ಯಾ-ಆಫ್ರಿಕಾ ದೇಶಗಳ ಬಾಂಡುಂಗ್ ಸಮ್ಮೇಳನದಲ್ಲಿ ಮುಂಚೂಣಿಯಲ್ಲಿ ನಿಂತಿತು. ಇದಕ್ಕಿಂತ ನೋವಿನ ವಿಷಯವೆಂದರೆ ‘ಬಿಳಿಯ ಆಸ್ಟ್ರೇಲಿಯಾ’ ನೀತಿ. 1901ರ ವಲಸೆ ಕಾಯ್ದೆಯ ಪ್ರಕಾರ, ಬೇಡವಾದ ವಲಸೆಗಾರನಿಗೆ ಯಾವುದಾದರೊಂದು ಯುರೋಪಿಯನ್ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಟ್ಟು, ಬರೆಯಲಾಗದಿದ್ದರೆ ಹಿಂದಕ್ಕೆ ಕಳಿಸಬಹುದಿತ್ತು. ಆ ಪರೀಕ್ಷೆ ರದ್ದಾದದ್ದು 1958ರಲ್ಲಿ. ಏಷ್ಯಾದ ಸ್ನೇಹ ಬೇಕೆನ್ನುವ ದೇಶಕ್ಕೆ ಈ ನೀತಿ ಒಪ್ಪುವುದಿಲ್ಲವೆಂದು ಕಾರ್ಯಪ್ಪನವರು ಅಧಿಕಾರದಲ್ಲಿದ್ದಾಗಲೇ ಬಹಿರಂಗವಾಗಿ ಹೇಳಿದರು, ಅಲ್ಲಿ ಅದು ವಿವಾದವೂ ಆಯಿತು. ಅತಿಥೇಯ ದೇಶದ ಆಂತರಿಕ ಕಾನೂನನ್ನು ರಾಯಭಾರಿಯು ಬಹಿರಂಗವಾಗಿ ಟೀಕಿಸಬಾರದೆಂಬುದು ವೃತ್ತಿಪರರ ಸಂಪ್ರದಾಯ. ಆದರೂ ತಮ್ಮ ದೇಶದವರ ಮೈಬಣ್ಣವನ್ನೇ ಅನರ್ಹತೆಯೆಂದು ಬಗೆಯುವ ಕಾನೂನಿನ ಮುಂದೆ ಅವರು ಸುಮ್ಮನಿರದೆ ಹೋದದ್ದು ಸರಿಯೆಂದೇ ನಾನು ಭಾವಿಸುತ್ತೇನೆ. (ದೆಹಲಿಯಲ್ಲಿ ಮಾತು ಕಡಿಮೆ ಮಾಡಿಸಲು ಆಗದವರನ್ನು ಕ್ಯಾನ್‌ಬೆರಾದಲ್ಲಿ ಮೌನವಾಗಿರಿಸಬಹುದೆಂದು ಯಾರಾದರೂ ಎಣಿಸಿದ್ದರೆ, ಲೆಕ್ಕ ತಪ್ಪಿತ್ತು.)

ಪ್ರಶ್ನೆ: ಹೈಕಮಿಷನರ್, ರಾಯಭಾರಿ ಇಬ್ಬರೂ ಒಂದೇ ಏನು? ರಾಯಭಾರ ಕಚೇರಿಯಲ್ಲಿ ಸಮವಸ್ತ್ರ ತೊಟ್ಟ ಅಧಿಕಾರಿಗಳೂ ಇರುತ್ತಾರಲ್ಲ?
— ವಿದ್ಯಾರ್ಥಿನಿಯೊಬ್ಬರು, ಧಾರವಾಡ

ಉತ್ತರ: ದರ್ಜೆ ಮತ್ತು ಕೆಲಸ ಒಂದೇ. ಕಾಮನ್‌ವೆಲ್ತ್ ದೇಶಗಳು ಪರಸ್ಪರ ಕಳಿಸುವ ಪ್ರತಿನಿಧಿಯನ್ನು ಹೈಕಮಿಷನರ್ ಎನ್ನುತ್ತಾರೆ, ಉಳಿದೆಡೆ ರಾಯಭಾರಿ. ನೀವು ಹೇಳುವ ಸಮವಸ್ತ್ರದವರು ರಕ್ಷಣಾ ಅಟ್ಯಾಶೆಗಳು; ಅವರು ಸೇವೆಯಲ್ಲಿರುವ ಅಧಿಕಾರಿಗಳು, ರಾಯಭಾರಿಯ ಕೈಕೆಳಗೆ ಕೆಲಸ ಮಾಡುವವರು. ಕಾರ್ಯಪ್ಪನವರಂಥವರು ನಿವೃತ್ತಿಯ ನಂತರ ನಾಗರಿಕರಾಗಿ ಹೋದವರು. ಫೀಲ್ಡ್ ಮಾರ್ಷಲ್ ಪದವಿ ಅವರಿಗೆ ದೊರೆತದ್ದು 1986ರಲ್ಲಿ.

ಪ್ರಶ್ನೆ: ಬೇರೆ ಯಾವ ಸೇನಾ ಮುಖ್ಯಸ್ಥರು ಹೀಗೆ ಹೋಗಿದ್ದಾರೆ? ಜನರಲ್ ತಿಮ್ಮಯ್ಯನವರೂ ಇದ್ದರೇ?
— ಓದುಗರೊಬ್ಬರು, ಬೀದರ್

ಉತ್ತರ: ನಿಮ್ಮ ಜಿಲ್ಲೆಗೆ ನಂಟಿರುವವರಿಂದಲೇ ಆರಂಭಿಸುತ್ತೇನೆ. 1948ರಲ್ಲಿ ಹೈದರಾಬಾದ್ ಕಾರ್ಯಾಚರಣೆ ನಡೆಸಿ, ಬೀದರ್, ಕಲಬುರಗಿ, ರಾಯಚೂರು ಸೇರಿದ್ದ ಆ ಸಂಸ್ಥಾನಕ್ಕೆ ಮಿಲಿಟರಿ ಗವರ್ನರ್ ಆಗಿದ್ದ ಜೆ. ಎನ್. ಚೌಧುರಿ ಅವರು 1965ರ ಯುದ್ಧದ ವೇಳೆ ಸೇನಾ ಮುಖ್ಯಸ್ಥರಾಗಿದ್ದು, ನಿವೃತ್ತಿಯ ಬಳಿಕ ಕೆನಡಾದಲ್ಲಿ ಹೈಕಮಿಷನರ್ ಆದರು. ಅವರ ಹಿಂದಿನ ಮುಖ್ಯಸ್ಥ ಪಿ. ಎನ್. ಥಾಪರ್ 1962ರ ಸೋಲಿನ ನಡುವೆ ಹುದ್ದೆ ಬಿಟ್ಟವರು. 1964ರಲ್ಲಿ ಕಾಬೂಲಿಗೆ ರಾಯಭಾರಿಯಾಗಿ ಹೋದರು. ಹಾಗಾಗಿ ಈ ನೇಮಕವನ್ನು ಗೆದ್ದವರಿಗೆ ಕೊಡುವ ಬಹುಮಾನವೆಂದಷ್ಟೇ ನೋಡಲಾಗದು. ಜನರಲ್ ಟಿ. ಎನ್. ರೈನಾ ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಹೈಕಮಿಷನರ್ ಆಗಿರುವಾಗಲೇ 1980ರಲ್ಲಿ ತೀರಿಕೊಂಡರು. ಈಚಿನ ಉದಾಹರಣೆಯೆಂದರೆ 2019ರಲ್ಲಿ ಸೆಶೆಲ್ಸ್‌ಗೆ ಹೋದ ಜನರಲ್ ದಲ್ಬೀರ್ ಸಿಂಗ್ ಸುಹಾಗ್.

ತಿಮ್ಮಯ್ಯನವರು ರಾಯಭಾರಿಯಾಗಲಿಲ್ಲ. ಆದರೆ ಕೊರಿಯಾ ಯುದ್ಧ ನಿಂತ ಬಳಿಕ, 1953-54ರಲ್ಲಿ, ಸ್ವದೇಶಕ್ಕೆ ಮರಳಲೊಪ್ಪದ ಯುದ್ಧಕೈದಿಗಳ ವಿಚಾರಣೆಗೆ ರಚನೆಯಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಅವರು ಮಾಡಿದ್ದು ಅಪ್ಪಟ ರಾಜತಾಂತ್ರಿಕ ಕೆಲಸ. ಕೈದಿಗಳನ್ನು ಒತ್ತಾಯದಿಂದ ಮರಳಿಸಬೇಕೇ ಬೇಡವೇ ಎಂಬುದರಲ್ಲಿ ಆಯೋಗದ ಸದಸ್ಯ ದೇಶಗಳೇ ಎರಡು ಪಾಳಯಗಳಾಗಿದ್ದವು. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿದ್ದಾಗ, 1965ರ ಡಿಸೆಂಬರಿನಲ್ಲಿ ಅವರು ನಿಧನರಾದರು.