‘ಫೇರ್’ ಎಂದರೆ ಚೆಂದವೋ, ಸಾಧಾರಣವೋ?

ಪ್ರಶ್ನೆ: ಆರನೇ ತರಗತಿಯಲ್ಲಿರುವ ಮಗಳ ಪ್ರಗತಿ ಪತ್ರದಲ್ಲಿ ‘ಹ್ಯಾಂಡ್‌ರೈಟಿಂಗ್: ಫೇರ್’ ಎಂದು ಬರೆದಿತ್ತು. ಅಕ್ಷರ ಚೆಂದ ಎಂದು ನಾನು ಹಿಗ್ಗಿದೆ. ‘ಅಪ್ಪಾ, ಸುಮಾರಾಗಿದೆ ಎಂದು ಅದರ ಅರ್ಥ’ ಎಂದು ಮಗಳು ಮುಖ ಸಣ್ಣದು ಮಾಡಿಕೊಂಡಳು. ಪಡಿತರ ಅಂಗಡಿಯ ಫಲಕದಲ್ಲಿ ಇದೇ ಪದಕ್ಕೆ ನ್ಯಾಯ ಎಂಬ ಅರ್ಥ, ಮದುವೆ ಜಾಹೀರಾತಿನಲ್ಲಿ ಬೆಳ್ಳಗಿನ ಬಣ್ಣ, ‘ಬುಕ್ ಫೇರ್’ ಎಂದರೆ ಮೇಳ. ಇವೆಲ್ಲ ಒಂದೇ ಪದವೇ? ಇನ್ನೊಂದು ಸಂಗತಿ: ಹೊಲದ ಗಡಿ ತಕರಾರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಿದ್ದೇನೆ. ‘ಫೇರ್ ಎನ್‌ಕ್ವೈರಿ’ ಸರಿಯೋ, ‘ಜಸ್ಟ್ ಎನ್‌ಕ್ವೈರಿ’ ಸರಿಯೋ?
– ಓದುಗರು, ದಾವಣಗೆರೆ ಜಿಲ್ಲೆ

ಉತ್ತರ: ನಿಮ್ಮ ಮಗಳು ಹೇಳಿದ್ದೇ ಸರಿ. ಪ್ರಗತಿ ಪತ್ರದಲ್ಲಿ ಎಕ್ಸಲೆಂಟ್, ಗುಡ್, ಫೇರ್, ಪೂರ್ ಎಂದು ಮೆಟ್ಟಿಲು ಇಳಿಯುತ್ತಾ ಬರುತ್ತಾರೆ. ಫೇರ್ ಅಲ್ಲಿ ‘ಪರವಾಗಿಲ್ಲ’ ಎನ್ನುವ ಜಾಗದಲ್ಲಿದೆ.

ಮೊದಲು ಮೇಳವನ್ನು ಬೇರೆ ಮಾಡೋಣ, ಏಕೆಂದರೆ ಅದು ಬೇರೆಯದೇ ಪದ. ಕಾಗುಣಿತ ಮಾತ್ರ ಒಂದು. ಮೇಳದ ಫೇರ್ ಲ್ಯಾಟಿನ್‌ನಿಂದ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಿತು. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಹಬ್ಬದ ದಿನ, ಬಿಡುವಿನ ದಿನ ಎಂಬ ಅರ್ಥವಿತ್ತು. ಜರ್ಮನ್ನರು ಇಂದಿಗೂ ರಜೆಗೆ ‘ಫೇರಿಯನ್’ ಎನ್ನುವುದು ಅದೇ ಬೇರಿನಿಂದ. ಹಬ್ಬಕ್ಕೆ ಜನ ಸೇರಿದಲ್ಲಿ ವ್ಯಾಪಾರವೂ ಸೇರಿತು. ನಮ್ಮ ಜಾತ್ರೆಯ ಕಥೆಯೂ ಹೀಗೆಯೇ: ಸಂಸ್ಕೃತದ ‘ಯಾತ್ರಾ’ದಿಂದ ಹುಟ್ಟಿದ ಪದ. ಆದರೆ ಜಾತ್ರೆ ಎಂದೊಡನೆ ತೇರಿನ ಜೊತೆಗೆ ಬೆಂಡು ಬತ್ತಾಸು, ಬಳೆ ಅಂಗಡಿಗಳೂ ಕಣ್ಣ ಮುಂದೆ ಬರುತ್ತವೆ. ಬಸ್ ಟಿಕೆಟ್ಟಿನ ‘ಫೇರ್’ ಮೂರನೆಯದು. ಉಚ್ಚಾರಣೆ ಒಂದೇ ಆದರೂ ಅದರ ಕಾಗುಣಿತವೂ ಮೂಲವೂ ಬೇರೆ, ಪ್ರಯಾಣ ಮಾಡುವುದು ಎಂಬ ಹಳೆಯ ಕ್ರಿಯಾಪದ ಅದರ ತಾಯಿ.

ಉಳಿದ ಅರ್ಥಗಳೆಲ್ಲ ಒಂದೇ ಮನೆಯವು. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಚೆಲುವಾದ, ಹಿತವಾದ ಎಂಬ ಅರ್ಥವಿತ್ತು, ಅಂದರೆ ನೀವು ಹಿಗ್ಗಿದ್ದು ಪದದ ಮೊದಲ ಅರ್ಥಕ್ಕೇ. ಮೋಡವಿಲ್ಲದ ಆಕಾಶ ‘ಫೇರ್ ವೆದರ್’. ಚಿತ್ತು ಕಾಟುಗಳಿಲ್ಲದ ಬರಹ ‘ಫೇರ್ ಕಾಪಿ’. ಕಳಂಕವಿಲ್ಲದ ನಡವಳಿಕೆಯೂ ಫೇರ್ ಆಯಿತು, ಅಲ್ಲಿಂದ ನ್ಯಾಯದ ಅರ್ಥ ಬೆಳೆಯಿತು.

ಚೆಲುವು ‘ಪರವಾಗಿಲ್ಲ’ಕ್ಕೆ ಇಳಿದದ್ದು ಹೇಗೆಂಬುದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ದಾರಿದೀಪವಿದೆ. ‘ತಕ್ಕ’ ಎಂದರೆ ಯೋಗ್ಯವಾದ, ಉಚಿತವಾದ. ಅದರಿಂದ ಆದ ‘ತಕ್ಕಮಟ್ಟಿಗೆ’ಯ ಅರ್ಥ ಮಾತ್ರ ಸಾಧಾರಣವಾಗಿ ಎಂದಷ್ಟೇ. ಯೋಗ್ಯವಾದದ್ದು ‘ಇಷ್ಟಿದ್ದರೆ ಸಾಕು’ ಎಂಬ ಅಳತೆಯಾಯಿತು. ‘ಫೇರ್ಲಿ ಗುಡ್’ ಎಂಬುದನ್ನು ನಾನು ತರಗತಿಯಲ್ಲಿ ‘ತಕ್ಕಮಟ್ಟಿಗೆ ಚೆನ್ನಾಗಿದೆ’ ಎಂದೇ ಹೇಳಿಕೊಡುತ್ತೇನೆ, ಮಕ್ಕಳು ಮತ್ತೆ ತಪ್ಪುವುದಿಲ್ಲ.

ಬಣ್ಣದ ಅರ್ಥದ ಬಗ್ಗೆ ಮಾತ್ರ ನನಗೆ ನೋವಿದೆ. ಚೆಲುವು ಎಂಬ ಪದವೇ ಬಿಳಿ ಮೈಬಣ್ಣಕ್ಕೂ ಹೆಸರಾಗಿ ನಿಂತಾಗ, ಕಪ್ಪು ಚೆಲುವಲ್ಲ ಎಂಬ ತೀರ್ಪು ಭಾಷೆಯೊಳಗೇ ಸೇರಿಹೋಯಿತು. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಆ್ಯಂಡ್ ಲವ್ಲಿ’ ಕ್ರೀಮು 2020ರಲ್ಲಿ ‘ಗ್ಲೋ ಆ್ಯಂಡ್ ಲವ್ಲಿ’ ಆಯಿತು. ಮದುವೆ ಜಾಹೀರಾತುಗಳಿಂದಲೂ ಆ ಪದ ತೊಲಗಬೇಕು. ಹಳೆಯ ಇಂಗ್ಲಿಷ್ ಕವಿತೆಯಲ್ಲಿ ‘ಫೇರ್ ಲೇಡಿ’ ಸಿಕ್ಕರೆ ದಯವಿಟ್ಟು ‘ಬಿಳಿ ಹೆಂಗಸು’ ಎಂದು ಅನುವಾದಿಸಬೇಡಿ, ಅವಳು ಚೆಲುವೆ.

ನ್ಯಾಯದ ಅರ್ಥದೊಳಗೂ ಗಮನಿಸಬೇಕಾದದ್ದಿದೆ. ‘ಫೇರ್ ಪ್ರೈಸ್ ಶಾಪ್’ ನಮ್ಮಲ್ಲಿ ನ್ಯಾಯಬೆಲೆ ಅಂಗಡಿ, ಕೊಳ್ಳುವವರಿಗೆ ಹೊರೆಯಾಗದ ಬೆಲೆಯ ಜಾಗ. ಕಬ್ಬು ಬೆಳೆಗಾರರು ಮಾತೆತ್ತಿದರೆ ಹೇಳುವ ಎಫ್‌ಆರ್‌ಪಿಯ ಮೊದಲ ಅಕ್ಷರವೂ ಇದೇ ಫೇರ್. 2009ರಲ್ಲಿ ಶಾಸನಬದ್ಧ ಕನಿಷ್ಠ ಬೆಲೆಯ ಬದಲಿಗೆ ಬಂದ ‘ನ್ಯಾಯಯುತ ಮತ್ತು ಲಾಭದಾಯಕ ಬೆಲೆ’ ಅದು. ಅಲ್ಲಿ ಕಾಯಬೇಕಾದದ್ದು ಮಾರುವವನನ್ನು. ಪದ ಒಂದೇ, ಯಾರ ಪರ ಎಂಬುದನ್ನು ಪಕ್ಕದ ಪದಗಳು ಹೇಳುತ್ತವೆ.

ಇನ್ನು ಸಮಾನಾರ್ಥಕಗಳು. ಒಂದರ ಜಾಗಕ್ಕೆ ಇನ್ನೊಂದು ಸಲೀಸಾಗಿ ಕೂರುತ್ತದೆ ಎಂದುಕೊಳ್ಳಬೇಡಿ. ಮನೆಯಲ್ಲಿ ಹೋಳಿಗೆ ಹಂಚುವುದನ್ನೇ ನೋಡಿ. ಎಲ್ಲರ ಎಲೆಗೂ ಎರಡೆರಡು ಹಾಕಿದರೆ ಅದು ‘ಈಕ್ವಲ್’. ಹೊಲದಿಂದ ದಣಿದು ಬಂದವನಿಗೆ ಮೂರು, ಕೂಸಿಗೆ ಅರ್ಧ ಹಾಕಿದರೆ ‘ಈಕ್ವಿಟಬಲ್’. ತನ್ನ ಮಗ, ಮೈದುನನ ಮಗ ಎಂದು ಭೇದ ಮಾಡದೆ ಬಡಿಸಿದ ಅಮ್ಮ ‘ಇಂಪಾರ್ಷಿಯಲ್’. ‘ಜಸ್ಟ್’ ಎಂಬುದು ಧರ್ಮ, ಕಾನೂನುಗಳ ತೂಕ ಹೊತ್ತ ಪದ, ಹೋಳಿಗೆಗೆ ಅದು ಭಾರ.

ನಿಮ್ಮ ಅರ್ಜಿಯಲ್ಲಿ ‘ಫೇರ್ ಆ್ಯಂಡ್ ಇಂಪಾರ್ಷಿಯಲ್ ಎನ್‌ಕ್ವೈರಿ’ ಎಂದು ಬರೆಯಿರಿ. ‘ಜಸ್ಟ್ ಎನ್‌ಕ್ವೈರಿ’ ಎಂದರೆ ‘ಬರೀ ವಿಚಾರಣೆ’ ಎಂದೂ ಓದಿಕೊಳ್ಳಬಹುದು. ವಿಚಾರಣೆ ನಡೆಯುವ ಬಗೆಗೆ ಫೇರ್ ಒಪ್ಪುತ್ತದೆ, ಕೊನೆಯ ತೀರ್ಮಾನಕ್ಕೆ ‘ಜಸ್ಟ್ ಡಿಸಿಷನ್’ ಎನ್ನಬಹುದು. ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಯಾದರೆ ಕನ್ನಡದಲ್ಲೇ ‘ನಿಷ್ಪಕ್ಷಪಾತ ವಿಚಾರಣೆ ನಡೆಸಬೇಕು’ ಎಂದು ಬರೆಯಿರಿ. ಅಲ್ಲಿ ಯಾವ ಗೊಂದಲಕ್ಕೂ ಎಡೆಯಿಲ್ಲ.