ಮನೆಯಲ್ಲೇ ಕೂತು ಯುರೋಪಿನ ಡಿಗ್ರಿ: ಗುಣಮಟ್ಟ ನೋಡುವವರು ಯಾರು?

ಪ್ರಶ್ನೆ: ನಾನು ನಿವೃತ್ತ ಗಣಿತ ಮೇಷ್ಟ್ರು. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಕೆಲಸ ಬಿಡದೆ ಯುರೋಪಿನ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಎಂ.ಎಸ್ಸಿ. ಮಾಡುತ್ತೇನೆ ಅನ್ನುತ್ತಾಳೆ. ಜಾಹೀರಾತಿನಲ್ಲಿ ‘ಯುರೋಪಿಯನ್ ಮಾನ್ಯತೆ ಇದೆ, ವಾರಕ್ಕೆ ಮೂರು ಗಂಟೆ ಸಾಕು, ಒಂದು ವರ್ಷದಲ್ಲಿ ಡಿಗ್ರಿ’ ಎಂದಿದೆ. ಮನೆಯಲ್ಲಿ ಓದುವ ಕೋರ್ಸಿಗೆ ಅಲ್ಲಿ ಗುಣಮಟ್ಟ ಅಂತ ಯಾರಾದರೂ ನೋಡುತ್ತಾರಾ? ನಾವು ಹೇಗೆ ಪರೀಕ್ಷಿಸುವುದು? (ದಾವಣಗೆರೆ)

ಉತ್ತರ: ಮೇಷ್ಟ್ರೇ, ನಿಮ್ಮದೇ ವಿಷಯದಿಂದ ಶುರು ಮಾಡೋಣ. ಯುರೋಪಿನಲ್ಲಿ ಕೋರ್ಸಿನ ಗಾತ್ರವನ್ನು ಇಸಿಟಿಎಸ್ ಎಂಬ ಕ್ರೆಡಿಟ್‌ನಲ್ಲಿ ಅಳೆಯುತ್ತಾರೆ. ಪೂರ್ತಿ ಹೊತ್ತು ಓದುವವರಿಗೆ ವರ್ಷಕ್ಕೆ 60 ಕ್ರೆಡಿಟ್. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಪಾಠ ಕೇಳುವುದು, ಓದುವುದು, ಬರೆಯುವುದು, ಪರೀಕ್ಷೆ ಎಲ್ಲ ಸೇರಿ. ಹಾಗಾದರೆ ಒಂದು ವರ್ಷದ ಎಂ.ಎಸ್ಸಿ.ಗೆ ಕಡಿಮೆ ಅಂದರೂ 1,500 ಗಂಟೆ ಬೇಕು. 52 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 29 ಗಂಟೆ. ವಾರಕ್ಕೆ ಮೂರು ಗಂಟೆಯ ಲೆಕ್ಕದಲ್ಲಿ ವರ್ಷಕ್ಕೆ ಬರುವುದು 156 ಗಂಟೆ. ಹತ್ತು ಭಾಗದಲ್ಲಿ ಒಂದು ಭಾಗ. ಹೀಗಿರುವಾಗ ಒಂದೋ ಜಾಹೀರಾತು ಸುಳ್ಳು, ಇಲ್ಲವೇ ಡಿಗ್ರಿ ಟೊಳ್ಳು. ಕೆಲಸದ ಜೊತೆಗೆ ಓದುವವರು ಅಲ್ಲಿ ಇದೇ ಕೋರ್ಸನ್ನು ಎರಡು, ಮೂರು ವರ್ಷಕ್ಕೆ ಹಂಚಿಕೊಳ್ಳುತ್ತಾರೆ. ಒಳ್ಳೆಯ ವಿಶ್ವವಿದ್ಯಾಲಯ ಅದನ್ನು ಮೊದಲೇ ಹೇಳಿಬಿಡುತ್ತದೆ.

ಇನ್ನು ‘ಯುರೋಪಿಯನ್ ಮಾನ್ಯತೆ’. ಇಡೀ ಯುರೋಪಿನ ಹೆಸರಲ್ಲಿ ಮುದ್ರೆ ಒತ್ತುವ ಒಂದೇ ಕಚೇರಿ ಇಲ್ಲ. ಆಯಾ ದೇಶ ಅಥವಾ ಪ್ರಾಂತ್ಯಕ್ಕೆ ಅದರದೇ ಸಂಸ್ಥೆ ಇದೆ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನ ಫ್ಲಾಂಡರ್ಸ್‌ಗೆ ಎನ್‌ವಿಎಒ, ಇಟಲಿಗೆ ಅನ್‌ವುರ್, ಸ್ಪೇನಿನ ಕ್ಯಾಟಲೋನಿಯಾಕ್ಕೆ ಎಕ್ಯೂಯು. ಇವರೆಲ್ಲ ಒಂದೇ ಅಳತೆಗೋಲು ಹಿಡಿಯಲಿ ಅಂತ 2005ರಲ್ಲಿ ನಾರ್ವೆಯ ಬರ್ಗನ್‌ನಲ್ಲಿ ಸೇರಿದ ಶಿಕ್ಷಣ ಸಚಿವರು ಒಂದು ಮಾನದಂಡವನ್ನು ಒಪ್ಪಿದರು. 2015ರಲ್ಲಿ ಅರ್ಮೇನಿಯಾದ ಯೆರೆವಾನ್‌ನಲ್ಲಿ ಅದನ್ನು ಪರಿಷ್ಕರಿಸಿದರು. ಅದನ್ನು ಚುಟುಕಾಗಿ ಇಎಸ್‌ಜಿ ಅನ್ನುತ್ತಾರೆ. ಪಾಠ ಕ್ಲಾಸಿನಲ್ಲಿ ನಡೆಯಲಿ, ಅಂಚೆಯಲ್ಲಿ ಬರಲಿ, ಆನ್‌ಲೈನ್ ಇರಲಿ, ಇದೇ ಮಾನದಂಡ. ದೂರದಿಂದ ಓದುವವರಿಗೆ ಒಂದು ಕೈ ಸಡಿಲ ಬಿಡೋಣ ಅನ್ನುವ ಮಾತೇ ಅದರಲ್ಲಿಲ್ಲ.

ಇದರಲ್ಲಿ ನನಗೆ ತುಂಬ ಇಷ್ಟವಾದ ಮೂರು ವಿಷಯ ಇವೆ. ಪರಿಶೀಲನೆಗೆ ಹೋಗುವ ತಂಡದಲ್ಲಿ ಪ್ರೊಫೆಸರುಗಳ ಜೊತೆ ಒಬ್ಬ ವಿದ್ಯಾರ್ಥಿ ಇರಲೇಬೇಕು. ಅತಿಥಿಯಾಗಿ ಅಲ್ಲ, ಪೂರ್ತಿ ಸದಸ್ಯನಾಗಿ. ತಂಡ ಬರೆದ ವರದಿಯನ್ನು ಸಂಪೂರ್ಣವಾಗಿ ಪ್ರಕಟಿಸಬೇಕು. ಬೈಗುಳ ಇದ್ದರೂ ಮುಚ್ಚಿಡುವ ಹಾಗಿಲ್ಲ. ಕೊನೆಯದು, ಪರಿಶೀಲಿಸುವ ಸಂಸ್ಥೆಗಳನ್ನೂ ಐದು ವರ್ಷಕ್ಕೊಮ್ಮೆ ಬೇರೆಯವರು ಪರಿಶೀಲಿಸುತ್ತಾರೆ. ಈ ಪರೀಕ್ಷೆಯಲ್ಲಿ ಪಾಸಾದ ಸಂಸ್ಥೆಗಳ ಹೆಸರು ಈಕ್ವಾರ್ ಎಂಬ ನೋಂದಣಿ ಪಟ್ಟಿಯಲ್ಲಿ ಇರುತ್ತದೆ. ಆ ಪಟ್ಟಿ ಶುರುವಾಗಿದ್ದು 2008ರಲ್ಲಿ. ಅವರದೇ ಡೀಕ್ವಾರ್ ಎಂಬ ದತ್ತಸಂಚಯ ಇದೆ, ಎಲ್ಲರಿಗೂ ಉಚಿತ. ಮಗಳಿಗೆ ಹೇಳಿ, ಅದರಲ್ಲಿ ವಿಶ್ವವಿದ್ಯಾಲಯದ ಹೆಸರು ಹಾಕಿ ಹುಡುಕಲಿ. ವರದಿ ಸಿಕ್ಕರೆ ಕೊನೆಯ ತೀರ್ಪು ಮಾತ್ರ ನೋಡಬೇಡಿ. ಮಧ್ಯದಲ್ಲಿ ವಿದ್ಯಾರ್ಥಿಗಳಿಗೆ ಸಿಗುವ ನೆರವಿನ ಬಗ್ಗೆ ಏನು ಬರೆದಿದ್ದಾರೆ ಅಂತ ಓದಿ. ಹೆಸರೇ ಸಿಗದಿದ್ದರೆ ಆ ದೇಶದ ಸಂಸ್ಥೆಗೆ ನೇರವಾಗಿ ಮೇಲ್ ಬರೆದು ಕೇಳಿ. ‘ಮಾನ್ಯತೆ ಕೊಟ್ಟವರು ಯಾರು’ ಅಂತ ಕೇಳಿದಾಗ ಏಜೆಂಟರು ಮಾತು ತೇಲಿಸಿದರೆ ಅಲ್ಲಿಗೆ ಬಿಟ್ಟುಬಿಡಿ.

ಆದರೆ ಮುದ್ರೆ ಸಿಕ್ಕಿತು ಅಂದ ಮಾತ್ರಕ್ಕೆ ಕಲಿಕೆ ಸಿಕ್ಕಿತು ಅಂತಲ್ಲ. ನನ್ನ ಅನುಭವ ಹೇಳುತ್ತೇನೆ. ಬಹಳ ವರ್ಷದ ಹಿಂದೆ ಕೆಲಸ ಮಾಡುತ್ತಲೇ ಅಂಚೆ ಮೂಲಕ ಒಂದು ಡಿಪ್ಲೊಮಾ ಓದಿದೆ. ಎರಡು ವಾರ ರಾತ್ರಿ ನಿದ್ದೆಗೆಟ್ಟು ಬರೆದ ಅಸೈನ್‌ಮೆಂಟ್ ನಾಲ್ಕು ತಿಂಗಳ ಮೇಲೆ ವಾಪಸ್ ಬಂತು. ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಮೇಲೆ ‘7/10’ ಅಂತ ಕೆಂಪು ಶಾಯಿ. ಒಳಗೆ ಒಂದೇ ಒಂದು ಗುರುತೂ ಇಲ್ಲ. ಆ ಮೂರು ಅಂಕ ಎಲ್ಲಿ ಹೋಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನೀವು ಮೇಷ್ಟ್ರು, ನಿಮಗೆ ಇದರ ನೋವು ಅರ್ಥವಾಗುತ್ತದೆ. ಕ್ಲಾಸಿನಲ್ಲಾದರೆ ಹುಡುಗ ಎದ್ದು ಕೇಳುತ್ತಾನೆ. ದೂರದಲ್ಲಿರುವವನಿಗೆ ಆ ತಿದ್ದಿದ ಹಾಳೆಯೇ ಮೇಷ್ಟ್ರು.

ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಇದನ್ನು ಮೊದಲಿನಿಂದಲೇ ಅರ್ಥ ಮಾಡಿಕೊಂಡಿತ್ತು. 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಸುಮಾರು 25 ಸಾವಿರ ವಿದ್ಯಾರ್ಥಿಗಳೊಂದಿಗೆ ಪಾಠ ಆರಂಭಿಸಿತು. ಸೇರಲು ಹಳೆಯ ಅಂಕಪಟ್ಟಿ ಬೇಕಿರಲಿಲ್ಲ. ಟಿವಿ, ರೇಡಿಯೊ ಪಾಠದಿಂದ ಹೆಸರು ಬಂತು ಅನ್ನುವುದು ನಿಜ. ಆದರೆ ಅದು ಗಟ್ಟಿಯಾಗಿ ನಿಂತಿದ್ದು ಟ್ಯೂಟರ್ ವ್ಯವಸ್ಥೆಯಿಂದ. ಪ್ರತಿ ವಿದ್ಯಾರ್ಥಿಗೂ ಒಬ್ಬ ಟ್ಯೂಟರ್. ಅಸೈನ್‌ಮೆಂಟ್ ತಿದ್ದುವಾಗ ಅಂಕದ ಜೊತೆ ಬದಿಯಲ್ಲಿ ಟಿಪ್ಪಣಿ ಬರೆಯಬೇಕು. ಅಷ್ಟಕ್ಕೇ ಬಿಡುವುದಿಲ್ಲ. ಟ್ಯೂಟರ್ ತಿದ್ದಿದ ಹಾಳೆಗಳಲ್ಲಿ ಕೆಲವನ್ನು ಅನುಭವಿಗಳೊಬ್ಬರು ಮತ್ತೆ ತೆಗೆದು ನೋಡುತ್ತಾರೆ. ಅಂಕ ಸರಿಯಾಗಿದೆಯಾ, ಬರೆದ ಮಾತು ಹುಡುಗನಿಗೆ ಉಪಯೋಗಕ್ಕೆ ಬರುತ್ತದಾ ಅಂತ ಟ್ಯೂಟರಿಗೆ ತಿಳಿಸುತ್ತಾರೆ. ತಿದ್ದುವವರನ್ನೂ ತಿದ್ದುವ ವ್ಯವಸ್ಥೆ ಇದು. ನಾನು ಗುಣಮಟ್ಟ ಅನ್ನುವುದು ಇದಕ್ಕೆ.

ಹಾಗಾಗಿ ಫೀಸು ಕಟ್ಟುವ ಮೊದಲು ಮಗಳು ಇಷ್ಟು ಕೇಳಲಿ. ನನ್ನ ಬರಹ ಓದುವವರು ಯಾರು? ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ? ಒಬ್ಬ ಟ್ಯೂಟರಿಗೆ ಎಷ್ಟು ವಿದ್ಯಾರ್ಥಿಗಳು? ಹೋದ ಬ್ಯಾಚಿನಲ್ಲಿ ಸೇರಿದವರೆಷ್ಟು, ಮುಗಿಸಿದವರೆಷ್ಟು? ಈ ಕೊನೆಯ ಲೆಕ್ಕವನ್ನು ವಿಶ್ವವಿದ್ಯಾಲಯ ಇಟ್ಟುಕೊಂಡಿರಬೇಕು ಅಂತ ಇಎಸ್‌ಜಿ ಹೇಳುತ್ತದೆ. ದೂರ ಶಿಕ್ಷಣದಲ್ಲಿ ಅರ್ಧಕ್ಕೆ ಬಿಡುವವರು ಎಲ್ಲ ಕಡೆ ಜಾಸ್ತಿ. ಒಳ್ಳೆಯ ಸಂಸ್ಥೆ ಅದನ್ನು ಒಪ್ಪಿಕೊಂಡು, ಅದಕ್ಕೆ ಏನು ಮಾಡುತ್ತಿದ್ದೇವೆ ಅಂತಲೂ ಹೇಳುತ್ತದೆ. ಕೋರ್ಸ್ ಬೇಡವೆನಿಸಿದರೆ ಹೊರಬರುವ ದಾರಿಯನ್ನೂ ಕೇಳಿಕೊಳ್ಳಲಿ. ಜರ್ಮನಿಯಲ್ಲಿ ಇದಕ್ಕೆ ಕಾನೂನೇ ಇದೆ. 1977ರಿಂದ ಅಲ್ಲಿ ಖಾಸಗಿ ದೂರ ಶಿಕ್ಷಣದ ಕರಾರನ್ನು ಮೊದಲ ಆರು ತಿಂಗಳ ಕೊನೆಗೆ ನೋಟಿಸ್ ಕೊಟ್ಟು ಮುಗಿಸಬಹುದು, ಕಾರಣ ಹೇಳಬೇಕಿಲ್ಲ.

ಕಡೆಗೆ ನಮ್ಮ ದೇಶದ ವಿಷಯ. ಇದನ್ನು ಮಾತ್ರ ಮರೆಯಬೇಡಿ. ಯುರೋಪಿನಲ್ಲಿ ಎಷ್ಟೇ ಒಳ್ಳೆಯ ಹೆಸರಿದ್ದರೂ, ಆನ್‌ಲೈನ್ ಅಥವಾ ದೂರ ಶಿಕ್ಷಣದಲ್ಲಿ ಪಡೆದ ವಿದೇಶಿ ಡಿಗ್ರಿಗೆ ಯುಜಿಸಿಯ 2025ರ ನಿಯಮದಲ್ಲಿ ತತ್ಸಮಾನ ಪ್ರಮಾಣಪತ್ರ ಸಿಗುವುದಿಲ್ಲ. ಖುದ್ದಾಗಿ ಕ್ಲಾಸಿನಲ್ಲಿ ಓದಿರಬೇಕು ಅನ್ನುವುದು ಷರತ್ತು. 2023ರ ಡಿಸೆಂಬರ್‌ನಲ್ಲಿ ಯುಜಿಸಿ ಇನ್ನೊಂದು ಎಚ್ಚರಿಕೆ ಕೊಟ್ಟಿತ್ತು. ವಿದೇಶಿ ವಿಶ್ವವಿದ್ಯಾಲಯದ ಹೆಸರಲ್ಲಿ ಇಲ್ಲಿನ ಕೆಲವು ಎಜುಟೆಕ್ ಕಂಪನಿಗಳು ಆನ್‌ಲೈನ್ ಡಿಗ್ರಿ ಮಾರುತ್ತಿವೆ, ಅಂಥ ಫ್ರಾಂಚೈಸಿ ವ್ಯವಹಾರಕ್ಕೆ ಅನುಮತಿ ಇಲ್ಲ ಅಂತ. ಮಗಳು ಮುಂದೆ ಲೆಕ್ಚರರ್ ಆಗಬೇಕು, ಇಲ್ಲಿ ಪಿಎಚ್‌.ಡಿ. ಮಾಡಬೇಕು, ಸರ್ಕಾರಿ ಕೆಲಸಕ್ಕೆ ಹೋಗಬೇಕು ಅಂತಿದ್ದರೆ ಈ ಹಣ ಅದಕ್ಕೆ ಕೆಲಸಕ್ಕೆ ಬರುವುದಿಲ್ಲ. ಈಗಿರುವ ಕೆಲಸದಲ್ಲೇ ವಿಷಯ ಕಲಿತು ಬೆಳೆಯಬೇಕು ಅಂತಿದ್ದರೆ ಮಾತು ಬೇರೆ.

ಪ್ರಶ್ನೆ: ನಾನು ಮೂಲತಃ ಶಿವಮೊಗ್ಗದವಳು. ನೆದರ್‌ಲ್ಯಾಂಡ್ಸ್‌ನಲ್ಲಿದ್ದೇನೆ, ಮಗು ಚಿಕ್ಕದು, ಹಾಗಾಗಿ ದೂರ ಶಿಕ್ಷಣದಲ್ಲಿ ಓದುತ್ತಿದ್ದೇನೆ. ಕೆಲವು ಪರೀಕ್ಷೆ ಮನೆಯಲ್ಲೇ, ಕ್ಯಾಮೆರಾ ಮುಂದೆ. ಮಗು ಅತ್ತರೆ ತಲೆ ತಿರುಗಿಸಲೂ ಹೆದರಿಕೆ. ಕಾಪಿ ತಡೆಯಲು ಇದೊಂದೇ ದಾರಿಯಾ? (ಐಂಡ್‌ಹೋವನ್)

ಉತ್ತರ: ನಿಮ್ಮ ಹೆದರಿಕೆ ಸಹಜ. ನೀವಿರುವ ದೇಶದಲ್ಲೇ ಇದು ಕೋರ್ಟಿನವರೆಗೆ ಹೋಗಿತ್ತು. 2020ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪ್ರತಿನಿಧಿಗಳು ಕ್ಯಾಮೆರಾ ಕಣ್ಗಾವಲು ಬೇಡವೆಂದು ದಾವೆ ಹೂಡಿದರು, ಸೋತರು. ಅದೇ ಊರಿನ ಇನ್ನೊಂದು ವಿಶ್ವವಿದ್ಯಾಲಯದ ಕಪ್ಪು ವರ್ಣದ ವಿದ್ಯಾರ್ಥಿನಿಯೊಬ್ಬರು ಮಾನವ ಹಕ್ಕು ಸಂಸ್ಥೆಗೆ ದೂರು ಕೊಟ್ಟರು. ಮುಖಕ್ಕೆ ನೇರವಾಗಿ ಲೈಟ್ ಬಿಟ್ಟುಕೊಂಡರೆ ಮಾತ್ರ ಸಾಫ್ಟ್‌ವೇರಿಗೆ ತನ್ನ ಮುಖ ಕಾಣುತ್ತದೆ ಅನ್ನುವುದು ಅವರ ದೂರು. ತಾರತಮ್ಯ ನಡೆದಿರಬಹುದು ಅಂತ ಸಂಸ್ಥೆ 2022ರಲ್ಲಿ ಮೊದಲು ಹೇಳಿತು. 2023ರ ಕೊನೆಯ ತೀರ್ಪಿನಲ್ಲಿ ಅವರ ವಿಷಯದಲ್ಲಿ ಅದು ಸಾಬೀತಾಗಲಿಲ್ಲ. ಆದರೂ ಈ ಪ್ರಶ್ನೆ ಎದ್ದ ಮೇಲೆ ಯಾರೂ ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಐರೋಪ್ಯ ಒಕ್ಕೂಟದ 2024ರ ಎಐ ಕಾಯ್ದೆ, ಪರೀಕ್ಷೆಯಲ್ಲಿ ಕಾಪಿ ಹಿಡಿಯುವ ಎಐಯನ್ನು ‘ಹೆಚ್ಚು ಅಪಾಯದ’ ಪಟ್ಟಿಗೆ ಸೇರಿಸಿದೆ.

ಬೇರೆ ದಾರಿ ಖಂಡಿತ ಇದೆ. ಸ್ಪೇನಿನ ದೂರ ಶಿಕ್ಷಣ ವಿಶ್ವವಿದ್ಯಾಲಯ ಯುಎನ್‌ಇಡಿ 1972ರದು. ಪಾಠ ದೂರದಿಂದ, ಆದರೆ ಪರೀಕ್ಷೆಗೆ ದೇಶದ ತುಂಬ ಕೇಂದ್ರಗಳು. ಅವರು ‘ವರ್ಚುವಲ್ ಪೆಟ್ಟಿಗೆ’ ಅಂತ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾರೆ. ಪ್ರಶ್ನೆ ಪತ್ರಿಕೆ ಗೂಢಲಿಪಿಯಲ್ಲಿ ಕೇಂದ್ರಕ್ಕೆ ಬರುತ್ತದೆ. ನೀವು ಹೋಗಿ ಕಾರ್ಡ್ ತೋರಿಸಿದಾಗಲೇ ನಿಮ್ಮ ಪತ್ರಿಕೆ ಪ್ರಿಂಟ್ ಆಗುತ್ತದೆ, ಸೀಟನ್ನೂ ಕಂಪ್ಯೂಟರೇ ಕೊಡುತ್ತದೆ. ಪಕ್ಕದವರು ಬೇರೆ ವಿಷಯ ಬರೆಯುತ್ತಿರುತ್ತಾರೆ, ಯಾರ ಹಾಳೆಗೆ ಕಣ್ಣು ಹಾಕಿ ಏನು ಪ್ರಯೋಜನ, ಅಲ್ವಾ? ಬರೆದ ಉತ್ತರ ಸ್ಕ್ಯಾನ್ ಆಗಿ ಪ್ರೊಫೆಸರಿಗೆ ಹೋಗುತ್ತದೆ.

ಇನ್ನೊಂದು ದಾರಿ ಪರೀಕ್ಷೆಯ ಸ್ವರೂಪವನ್ನೇ ಬದಲಿಸುವುದು. ಪುಸ್ತಕ ತೆರೆದಿಟ್ಟೇ ಬರೆಯಬಹುದಾದ ಪ್ರಶ್ನೆ, ಬರೆದ ಮೇಲೆ ಹತ್ತು ನಿಮಿಷ ಅದರ ಬಗ್ಗೆ ಮಾತುಕತೆ. ತಾನೇ ಬರೆದವರಿಗೆ ಆ ಹತ್ತು ನಿಮಿಷ ಕಷ್ಟವಲ್ಲ. ಇದಕ್ಕೆ ಮೇಷ್ಟ್ರ ಸಮಯ ಬೇಕು, ಖರ್ಚು ಜಾಸ್ತಿ. ಕ್ಯಾಮೆರಾ ಅಗ್ಗ ಅಂತಲೇ ಎಷ್ಟೋ ಕಡೆ ಅದನ್ನು ಆರಿಸಿದ್ದಾರೆ ಅನ್ನುವುದು ನನ್ನ ಅಭಿಪ್ರಾಯ.

ಸದ್ಯಕ್ಕೆ ನೀವು ಪರೀಕ್ಷಾ ಮಂಡಳಿಗೆ ಮೊದಲೇ ಬರೆಯಿರಿ. ಚಿಕ್ಕ ಮಗು ಇದೆ, ಕೇಂದ್ರಕ್ಕೆ ಬಂದು ಬರೆಯುವ ಅವಕಾಶ ಇದೆಯೇ, ಮನೆಯಲ್ಲೇ ಆದರೆ ನಡುವೆ ಎದ್ದರೆ ಏನು ನಿಯಮ ಅಂತ ಕೇಳಿ. ಸಾಫ್ಟ್‌ವೇರ್ ಅನುಮಾನ ಪಟ್ಟ ದೃಶ್ಯವನ್ನು ಕೊನೆಗೆ ಮನುಷ್ಯರೇ ನೋಡಿ ತೀರ್ಮಾನಿಸುತ್ತಾರೆಯೇ ಅಂತಲೂ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಇದು ದಯೆ ಬೇಡುವುದಲ್ಲ, ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯ ಆನ್‌ಲೈನ್ ಕೋರ್ಸ್ ಶುರು ಮಾಡುವ ಯೋಚನೆಯಲ್ಲಿದೆ. ಪಾಠ ವಿಡಿಯೊ ಮಾಡಿ ಹಾಕಿದರೆ ಮುಗಿಯಿತು, ಎಷ್ಟು ಜನರನ್ನು ಬೇಕಾದರೂ ಸೇರಿಸಬಹುದು ಅನ್ನುತ್ತಾರೆ. ಯುರೋಪಿನವರು ಏನು ಮಾಡಿದ್ದಾರೆ? (ಅಧ್ಯಾಪಕಿ, ತುಮಕೂರು)

ಉತ್ತರ: ಮೇಡಂ, ಹಾಗೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇಟಲಿಯೇ ಉದಾಹರಣೆ. 2003ರ ಒಂದು ಆದೇಶದಿಂದ ಅಲ್ಲಿ ಆನ್‌ಲೈನ್ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು. ಈಗ 11 ಇವೆ. 2011ರಿಂದ ಹತ್ತು ವರ್ಷದಲ್ಲಿ ವಿದ್ಯಾರ್ಥಿಗಳು ಸುಮಾರು ಐದು ಪಟ್ಟಾದರು. ಅಧ್ಯಾಪಕರು ಆ ವೇಗದಲ್ಲಿ ಹೆಚ್ಚಲಿಲ್ಲ. ಅನ್‌ವುರ್‌ನ 2023ರ ವರದಿ ಪ್ರಕಾರ ಅಲ್ಲಿ ಒಬ್ಬ ಅಧ್ಯಾಪಕರಿಗೆ ಸುಮಾರು 385 ವಿದ್ಯಾರ್ಥಿಗಳು. ಮಾಮೂಲಿ ವಿಶ್ವವಿದ್ಯಾಲಯದಲ್ಲಿ ಸುಮಾರು 28. ಆಮೇಲೆ ಸರ್ಕಾರ ಕಡಿವಾಣ ಹಾಕಬೇಕಾಯಿತು. 2024ರ ಡಿಸೆಂಬರ್‌ನ ಆದೇಶದಂತೆ ಪಾಠದಲ್ಲಿ ಕನಿಷ್ಠ ಐದನೇ ಒಂದು ಭಾಗ ನೇರ ಪ್ರಸಾರದ್ದಾಗಿರಬೇಕು, ಪರೀಕ್ಷೆ ಖುದ್ದಾಗಿ ನಡೆಯಬೇಕು.

ಮೊದಲೇ ಸರಿಯಾಗಿ ಕಟ್ಟಲು ಒಳ್ಳೆಯ ಕೈಪಿಡಿ ಇದೆ. ಯುರೋಪಿನ ದೂರ ಶಿಕ್ಷಣ ವಿಶ್ವವಿದ್ಯಾಲಯಗಳು 1987ರಲ್ಲಿ ಕಟ್ಟಿಕೊಂಡ ಒಕ್ಕೂಟ ಇಎಡಿಟಿಯು. ಅವರ ‘ಎಕ್ಸಲೆನ್ಸ್’ ಎಂಬ ಅಳತೆಪಟ್ಟಿಯಲ್ಲಿ ಆರು ಭಾಗ: ಆಡಳಿತದ ಯೋಜನೆ, ಪಠ್ಯಕ್ರಮ, ಕೋರ್ಸಿನ ರಚನೆ, ಅದನ್ನು ತಲುಪಿಸುವ ರೀತಿ, ಸಿಬ್ಬಂದಿಗೆ ನೆರವು, ವಿದ್ಯಾರ್ಥಿಗೆ ನೆರವು. ನೋಡಿ, ವಿಡಿಯೊ ಅನ್ನುವುದು ಇದರಲ್ಲಿ ಒಂದು ಮೂಲೆ ಅಷ್ಟೇ. ಓಪನ್ ಯೂನಿವರ್ಸಿಟಿಯಲ್ಲೂ ಒಬ್ಬರೇ ಕೂತು ಪಾಠ ಬರೆಯುವುದಿಲ್ಲ. ವಿಷಯ ತಜ್ಞರು, ಸಂಪಾದಕರು, ವಿನ್ಯಾಸಕಾರರು ತಂಡವಾಗಿ ಕೂರುತ್ತಾರೆ, ಒಬ್ಬರ ಕರಡನ್ನು ಇನ್ನೊಬ್ಬರು ಓದಿ ಪ್ರಶ್ನೆ ಹಾಕುತ್ತಾರೆ.

ನಿಮ್ಮ ಸಭೆಯಲ್ಲಿ ಇದನ್ನು ಇಡಿ. ಸ್ಟುಡಿಯೊಗೆ ಎಷ್ಟು ಹಣ ಇಟ್ಟಿದ್ದೀರೋ, ತಿದ್ದುವವರ ಗೌರವಧನಕ್ಕೆ ಅದಕ್ಕಿಂತ ಹೆಚ್ಚು ಇಡಿ. ಎಷ್ಟು ಟ್ಯೂಟರುಗಳು ಸಿಕ್ಕಿದ್ದಾರೋ ಅಷ್ಟಕ್ಕೆ ತಕ್ಕಂತೆ ಮಾತ್ರ ಅಡ್ಮಿಷನ್ ಕೊಡಿ. ಮೂರನೇ ವಾರಕ್ಕೇ ಒಂದು ಚಿಕ್ಕ ಅಸೈನ್‌ಮೆಂಟ್ ಇರಲಿ, ಒಂದೇ ಪುಟ. ಕಳಿಸದವರ ಪಟ್ಟಿ ಮಾಡಿ, ಮರುದಿನವೇ ಒಬ್ಬೊಬ್ಬರಿಗೂ ಫೋನ್ ಮಾಡಿಸಿ. ಬಿಟ್ಟುಹೋಗುವವರು ಕಾರಣ ಇಲ್ಲದೆ ಕೋರ್ಸ್ ಬಿಡುವುದಿಲ್ಲ. ಲಾಗಿನ್ ಆಗದೆ ಇರಬಹುದು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಇರಬಹುದು. ಆ ಫೋನಿನಲ್ಲಿ ಗೊತ್ತಾಗಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ, ಎರಡನೇ ಬ್ಯಾಚಿನ ಕೋರ್ಸ್ ತಿದ್ದಲು ಅದು ಬೇಕಾಗುತ್ತದೆ.